ಕಿತ್ತಳೆಯ ಸುಳ್ಳು, ಲಿಂಬೆಯ ಬಿಸ್ಕತ್ತು

ಏಳು ವರ್ಷ ನಾನು ಒಂದು ಬಿಸ್ಕತ್ತನ್ನು ಬಾಯಿ ತುಂಬ ಹೊಗಳಿದೆ. ಆ ಏಳು ವರ್ಷಗಳಲ್ಲಿ ಒಮ್ಮೆಯೂ ಅದನ್ನು ಬಾಯಿಗೆ ಹಾಕಿಕೊಂಡವಳಲ್ಲ. ಇದನ್ನು ಹೇಳಿಕೊಳ್ಳಲು ಈಗ ನಾಚಿಕೆಯಿಲ್ಲ. ಪಡಬೇಕಾದಷ್ಟು ನಾಚಿಕೆಯನ್ನು ಆಗಲೇ ಪಟ್ಟಾಗಿದೆ.

ನಾನು ಬೇಲಾಪುರದ ಸರ್ಕಾರಿ ಕಚೇರಿಯೊಂದಕ್ಕೆ ಸೇರಿದಾಗ ಠಾಣೆಯಿಂದ ನವಿ ಮುಂಬಯಿ ಕಡೆಗೆ ಹೋಗುವ ರೈಲು ಹೊಸದಾಗಿ ಶುರುವಾಗಿತ್ತು. ಡೊಂಬಿವಲಿಯಿಂದ ಠಾಣೆಯವರೆಗೆ ಒಂದು ಲೋಕಲ್‌ನಲ್ಲಿ ನುಗ್ಗಿ, ಅಲ್ಲಿ ಪ್ಲಾಟ್‌ಫಾರ್ಮ್ ಬದಲಿಸಿ, ಇನ್ನೊಂದರಲ್ಲಿ ಸ್ವಲ್ಪ ಉಸಿರಾಡುತ್ತಾ ಬೇಲಾಪುರ ಸೇರುತ್ತಿದ್ದೆ. ಕಚೇರಿಯಲ್ಲಿ ನನ್ನ ಪಕ್ಕದ ಮೇಜು ಗೋವಾ ಕಡೆಯ ಒಬ್ಬ ಕ್ರಿಶ್ಚಿಯನ್ ಹೆಂಗಸಿನದು. ಐವತ್ತು ದಾಟಿದವರು, ಮದುವೆಯಾಗಿರಲಿಲ್ಲ, ನೆರೂಲಿನಲ್ಲಿ ಒಬ್ಬರೇ ಇದ್ದರು. ಇಡೀ ಸೆಕ್ಷನ್ ಅವರನ್ನು ಆಂಟಿ ಎನ್ನುತ್ತಿತ್ತು. ಸಾಹೇಬರಿಗೆ ಎದುರು ನಿಂತು ‘ಈ ಫೈಲ್ ನೀವು ಓದಿಯೇ ಇಲ್ಲ’ ಎನ್ನುವ ಧೈರ್ಯ ಆ ಮಹಡಿಯಲ್ಲಿ ಅವರೊಬ್ಬರಿಗೇ ಇದ್ದದ್ದು. ಹೊಸಬಳಾದ ನಾನು ಅವರಿಗೆ ಹೆದರುತ್ತಿದ್ದೆ.

ನನ್ನ ಮೊದಲ ಡಿಸೆಂಬರ್‌ನಲ್ಲಿ ಅವರು ಒಂದು ದೊಡ್ಡ ನೀಲಿ ಡಬ್ಬಿ ತಂದು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದರು. ಒಳಗೆ ಹೊಂಬಣ್ಣದ ಪುಟ್ಟ ಬಳೆಗಳು, ಮೇಲೆ ಸಕ್ಕರೆಯ ಹರಳು. ಉಡುಪಿ ಕಡೆಯವಳಾದ ನನ್ನ ಕಣ್ಣಿಗೆ ಅವು ಕೋಡುಬಳೆಯಾಗಿಯೇ ಕಂಡವು. ಅಲ್ಲ, ಇದು ಪೋರ್ಚುಗೀಸರ ಬಿಸ್ಕತ್ತು ಎಂದರು ಆಂಟಿ. ಅವರ ಅಜ್ಜಿ ಗೋವಾದಲ್ಲಿ ಒಬ್ಬ ಪೋರ್ಚುಗೀಸ್ ಅಧಿಕಾರಿಯ ಮನೆಯಲ್ಲಿ ಅಡುಗೆಗಿದ್ದರಂತೆ. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ತನಗೆ ಬಂದ ವಿದ್ಯೆ, ಹಣ್ಣಿನ ಸಿಪ್ಪೆಯಲ್ಲೇ ಇರುವುದು ಗುಟ್ಟು, ಉಳಿದದ್ದು ಬರೀ ಮೈದಾ, ಬೆಣ್ಣೆ, ಸಕ್ಕರೆ, ಮೊಟ್ಟೆ ಎಂದರು. ಮೊಟ್ಟೆ ಎಂದು ಕೇಳಿದ್ದೇ, ಡಬ್ಬಿಯ ಕಡೆಗೆ ಹೋಗಿದ್ದ ನನ್ನ ಕೈ ಅರ್ಧಕ್ಕೆ ನಿಂತಿತು.

ತಿನ್ನುವುದಿಲ್ಲ ಎಂದುಬಿಡಬಹುದಿತ್ತು. ಆದರೆ ಅದೇ ತಿಂಗಳು ಯಾರದ್ದೋ ಹುಟ್ಟುಹಬ್ಬದ ಕೇಕ್ ಬೇಡವೆಂದಿದ್ದೆ, ಇನ್ಯಾರದ್ದೋ ಪಾರ್ಟಿಗೆ ಹೋಗಿರಲಿಲ್ಲ, ಹಾಗಾಗಿ ‘ಇವಳಿಗೆ ಯಾವುದೂ ಆಗುವುದಿಲ್ಲ’ ಎಂಬ ಹೆಸರು ಆಗಲೇ ಬರತೊಡಗಿತ್ತು. ಚಹಾದ ಜೊತೆ ತಿನ್ನುತ್ತೇನೆ ಎಂದು ಎರಡನ್ನು ಕರವಸ್ತ್ರದಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ. ಮರುದಿನ ಆಂಟಿ ಹೇಗಿತ್ತು ಎಂದು ಕೇಳಿದರು. ಬಹಳ ಚೆನ್ನಾಗಿತ್ತು ಎಂದೆ.

“ಯಾವುದು ಹೆಚ್ಚು ಹಿಡಿಸಿತು? ಲಿಂಬೆಯದೋ, ಕಿತ್ತಳೆಯದೋ?”

“ಕಿತ್ತಳೆಯದು ಆಂಟಿ,” ಎಂದೆ, ತಡವರಿಸದೆ.

ಅವರು ಕನ್ನಡಕದ ಮೇಲಿನಿಂದ ನನ್ನನ್ನು ಒಮ್ಮೆ ನೋಡಿ, ಹೌದಾ ಎಂದು ಫೈಲಿಗೆ ತಲೆ ಬಗ್ಗಿಸಿದರು. ನಾವು ಮಾತಾಡುತ್ತಿದ್ದದ್ದು ಅರ್ಧ ಹಿಂದಿ, ಅರ್ಧ ಮರಾಠಿ. ಸುಳ್ಳಿಗೆ ಯಾವ ಭಾಷೆಯಾದರೇನು, ಸಲೀಸಾಗಿ ಬಂತು.

ಆ ಎರಡು ಬಿಸ್ಕತ್ತುಗಳನ್ನು ನಾನು ಕಸಕ್ಕೇನೂ ಹಾಕಿರಲಿಲ್ಲ. ಅಷ್ಟು ಕೆಟ್ಟವಳಲ್ಲ. ಸಂಜೆಯ ರೈಲಿನ ಲೇಡೀಸ್ ಡಬ್ಬದಲ್ಲಿ ತುರ್ಭೆಯಲ್ಲಿ ಹತ್ತುವ ಒಬ್ಬ ನರ್ಸಮ್ಮನಿಗೆ ಒಂದು, ಕೂದಲಿನ ಕ್ಲಿಪ್ಪು, ಬಿಂದಿ ಪಾಕೀಟು ಮಾರುವ ಹೆಂಗಸಿಗೆ ಒಂದು ಕೊಟ್ಟಿದ್ದೆ. ಮುಂದಿನ ವರ್ಷ ಆಂಟಿ ನನ್ನ ಪಾಲಿಗೆ ಆರು ಕೊಟ್ಟರು. ಅದರ ಮುಂದಿನ ವರ್ಷ ಹನ್ನೆರಡು. ಆಮೇಲೆ ನನ್ನದೇ ಒಂದು ಪೊಟ್ಟಣವಾಯಿತು, ಉಳಿದವರ ಪಾಲಿಗಿಂತ ದೊಡ್ಡದು. ನನ್ನ ಹೊಗಳಿಕೆ ಜಾಸ್ತಿಯಾಯಿತೆಂದೇ ಈ ಶಿಕ್ಷೆ ಅಂದುಕೊಂಡೆ. ರೈಲಿನ ಗೆಳತಿಯರಿಗೆ ಮಾತ್ರ ಹಬ್ಬ. ಡಿಸೆಂಬರ್ ಬಂತೆಂದರೆ ಅವರು ನನ್ನ ಮುಖ ನೋಡುವ ಮೊದಲು ಬ್ಯಾಗ್ ನೋಡುತ್ತಿದ್ದರು. ನಾನು ಪ್ರತಿವರ್ಷ ಮರುದಿನ ಕಚೇರಿಗೆ ಬಂದು, ಬಹಳ ಚೆನ್ನಾಗಿತ್ತು ಎಂದು ಹೊಸ ಹೊಸ ಅಲಂಕಾರ ಸೇರಿಸಿ ಒಪ್ಪಿಸುತ್ತಿದ್ದೆ.

ಎಂಟನೆಯ ವರ್ಷ, ನವೆಂಬರ್ ಕೊನೆಯಲ್ಲಿ, ಆಂಟಿ ಲೋಕಲ್‌ನಿಂದ ಇಳಿಯುವಾಗ ಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡರು. ಪ್ಲಾಸ್ಟರ್ ಹಾಕಿಸಿಕೊಂಡು ನಾಲ್ಕೇ ದಿನಕ್ಕೆ ಕೆಲಸಕ್ಕೆ ಬಂದರು, ಏಕೆಂದರೆ ಆ ಡಿಸೆಂಬರ್ ಮೂವತ್ತೊಂದಕ್ಕೆ ಅವರ ನಿವೃತ್ತಿ. ಕೊನೆಯ ತಿಂಗಳು ರಜೆ ಹಾಕಿ ಮಲಗುವ ಜಾತಿಯಲ್ಲ ಅದು. ಊಟದ ಹೊತ್ತಿಗೆ ಎಡಗೈಯಲ್ಲಿ ಚಮಚ ಹಿಡಿದು ಅನ್ನವನ್ನು ಅಟ್ಟಾಡಿಸುತ್ತಾ, ಈ ಸಲ ಬಿಸ್ಕತ್ತು ಇಲ್ಲ ಬೇಟಾ ಎಂದರು. ತಮಾಷೆಯ ದನಿಯಲ್ಲೇ ಹೇಳಿದರು. ಮೂವತ್ತು ವರ್ಷ ತಪ್ಪದೆ ತಂದದ್ದು ಕೊನೆಯ ವರ್ಷವೇ ತಪ್ಪಬೇಕೇ, ಮಾಡು ಎಂದು ಹೇಳಲು ತನಗೊಂದು ಮಗಳೂ ಇಲ್ಲ, ಅಮ್ಮನ ಬಿಸ್ಕತ್ತು ಇಲ್ಲಿಗೆ ಮುಗಿಯಿತು ಎಂದು ನಕ್ಕರು. ನಗು ಕಣ್ಣಿನವರೆಗೆ ಬರಲಿಲ್ಲ.

“ನಾನು ಮಾಡಿ ತರುತ್ತೇನೆ,” ಎಂದುಬಿಟ್ಟೆ.

“ನಿನಗೆ ಗೊತ್ತಾಗುತ್ತದಾ ಹೇಗಿರಬೇಕು ಅಂತ?”

“ಏಳು ವರ್ಷ ತಿಂದಿದ್ದೇನಲ್ಲ ಆಂಟಿ.”

ಸುಳ್ಳಿನ ಮೇಲೆ ಮಹಡಿ ಕಟ್ಟುವುದೆಂದರೆ ಇದೇ. ಆಂಟಿ ಬರೆದುಕೋ ಎಂದರು. ಹಳೆಯ ಸುತ್ತೋಲೆಯೊಂದರ ಬೆನ್ನಿಗೆ ಬರೆದುಕೊಂಡೆ. ಅಳತೆಯೆಲ್ಲ ಅವರ ಮನೆಯ ಹಿಡಿ ಮುರಿದ ಕಪ್ಪಿನದು. ಮೈದಾ ಎಷ್ಟು ಎಂದರೆ ಹಿಟ್ಟು ಸಾಕೆನ್ನುವಷ್ಟು, ಬೇಯಿಸುವುದು ಎಷ್ಟು ಹೊತ್ತು ಎಂದರೆ ಪಕ್ಕದ ಮನೆಗೆ ವಾಸನೆ ಹೋಗುವಷ್ಟು. ಸಿಪ್ಪೆ ಧಾರಾಳವಾಗಿ ಹಾಕು ಎಂದರು. ಕೊನೆಗೆ, ನಿನಗೆ ಕಿತ್ತಳೆಯದು ಇಷ್ಟವಲ್ಲವೇ, ಹಾಗಾಗಿ ಅರ್ಧ ಲಿಂಬೆ, ಅರ್ಧ ಕಿತ್ತಳೆ ಮಾಡು ಎಂದು ಮತ್ತೆ ಕನ್ನಡಕದ ಮೇಲಿನಿಂದ ನೋಡಿದರು.

ಈಗ ಮನೆಯ ಕಥೆ. ನಮ್ಮ ಡೊಂಬಿವಲಿಯ ಮನೆಯಲ್ಲಿ ಮೂವರು: ನಾನು, ನಮ್ಮವರು, ಅತ್ತೆ. ಅಡುಗೆಮನೆ ಅತ್ತೆಯದು. ಅಲ್ಲಿಗೆ ಈರುಳ್ಳಿ ಬರುವುದಕ್ಕೇ ವಾರದ ದಿನ ನೋಡಬೇಕು, ಮೊಟ್ಟೆಯ ಮಾತು ಬಿಡಿ. ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿತ್ತು. ದೇವರಿಗೆ ನೈವೇದ್ಯವಾಗುವ ಮೊದಲು ಅಡುಗೆಯನ್ನು ಯಾರೂ ನಾಲಗೆಗೆ ಸೋಕಿಸುವಂತಿಲ್ಲ. ಸಾರಿಗೆ ಉಪ್ಪು ಸಾಕೇ ಎಂಬುದನ್ನು ಅತ್ತೆ ಹಬೆಯಲ್ಲಿ ಮೂಗಿಟ್ಟು ಹೇಳುತ್ತಿದ್ದರು. ಪಾಯಸಕ್ಕೆ ಬೆಲ್ಲ ಹಿಡಿಯಿತೇ ಎಂಬುದನ್ನು ಕುದಿಯುವ ಸದ್ದಿನಲ್ಲಿ ಹೇಳುತ್ತಿದ್ದರು. ಎಂಬತ್ತು ಎಲೆಯ ಅಡುಗೆ ಮಾಡಿದ ಕೈ ಅದು, ಒಂದು ಚಮಚವನ್ನೂ ಚೀಪಿದ್ದಿಲ್ಲ. ಅವರ ಮೂಗು ನಮ್ಮ ಕಟ್ಟಡಕ್ಕೇ ಪ್ರಸಿದ್ಧ. ಡೊಂಬಿವಲಿಯ ರಾಸಾಯನಿಕ ಕಾರ್ಖಾನೆಗಳ ಕಡೆಯಿಂದ ಗಾಳಿ ತಿರುಗಿದರೆ, ಮೊದಲು ಅತ್ತೆಯ ಕಿಟಕಿ ಮುಚ್ಚುತ್ತಿತ್ತು, ಅದನ್ನು ನೋಡಿ ಉಳಿದವರದ್ದು.

ನಾನು ವಿಷಯ ಹೇಳಿದೆ. ಕೈ ಮುರಿದದ್ದು, ನಿವೃತ್ತಿ, ಮಾತು ಕೊಟ್ಟದ್ದು, ಎಲ್ಲ. ಮೊಟ್ಟೆಗೆ ಬೈಯುತ್ತಾರೆ ಎಂದು ಕಾದೆ. ಅತ್ತೆ ಹಿಡಿದುಕೊಂಡದ್ದು ಬೇರೆಯದನ್ನೇ.

“ಏಳು ವರ್ಷ ಸುಳ್ಳು ಹೇಳಿದ್ದಿಯಾ? ಅಷ್ಟು ಪ್ರೀತಿಯಲ್ಲಿ ಕೊಟ್ಟದ್ದಕ್ಕೆ?”

“ಹೌದು ಅತ್ತೆ.”

“ಹಾಗಾದ್ರೆ ಮಾಡಿ ತೀರಿಸು ಮಾರಾಯ್ತಿ. ಮತ್ತೆ ಅವರಿಗೆ ಹೇಳ್ಬೇಕು ನೀನು, ತಿನ್ಲಿಲ್ಲ ಅಂತ. ಹೇಳದಿದ್ರೆ ಈ ಮನೆಯಲ್ಲಿ ಮೊಟ್ಟೆ ಬಂದದ್ದು ದಂಡ.”

ಆಮೇಲೆ ಶರತ್ತುಗಳು ಬಂದವು. ಕೆಲಸವೆಲ್ಲ ಬಾಲ್ಕನಿಯಲ್ಲಿ. ಪಾತ್ರೆಗಳು ಹೊಸವು, ಅವು ಒಳಗೆ ಬರಬಾರದು. ಮುಗಿದ ಮೇಲೆ ನಾನು ನೇರ ಬಚ್ಚಲಿಗೆ, ಸ್ನಾನಕ್ಕೆ. ಮದುವೆಯಲ್ಲಿ ಯಾರೋ ಕೊಟ್ಟಿದ್ದ, ಮುಚ್ಚಳದಲ್ಲಿ ಗಾಜಿನ ಕಿಟಕಿಯಿದ್ದ ದುಂಡಗಿನ ಕರೆಂಟ್ ಒಲೆ ಅಟ್ಟದಲ್ಲಿ ಹಪ್ಪಳದ ಡಬ್ಬವಾಗಿತ್ತು. ಅದು ಒಮ್ಮೆ ಬಾಲ್ಕನಿಗೆ ಹೋದರೆ ಅಲ್ಲಿಯೇ, ವಾಪಸ್ಸಿಲ್ಲ. ಎಲ್ಲಕ್ಕೂ ಒಪ್ಪಿದೆ.

ರಜೆಯ ಶನಿವಾರ ಬೆಳಿಗ್ಗೆ ಲಿಂಬೆಯದನ್ನು ಮಾತ್ರ ಮಾಡಿ ನೋಡೋಣವೆಂದು ಬಾಲ್ಕನಿಯಲ್ಲಿ ಪತ್ರಿಕೆ ಹಾಸಿ ಕೂತೆ. ಹತ್ತೂವರೆಗೆ ಲೋಡ್ ಶೆಡ್ಡಿಂಗ್, ಅಷ್ಟರೊಳಗೆ ಬೇಯಬೇಕು. ಮೊಟ್ಟೆಯನ್ನು ಕೈಯಲ್ಲಿ ಹಿಡಿದಾಗಲೇ ಗೊತ್ತಾದದ್ದು, ಅದನ್ನು ಒಡೆಯುವುದು ಹೇಗೆಂದು ನನಗೆ ತಿಳಿದಿಲ್ಲ ಎಂದು. ತೆಂಗಿನಕಾಯಿಯ ಹಾಗೆ ನೆಲಕ್ಕೆ ಕುಟ್ಟಿದೆ. ಅದು ಪತ್ರಿಕೆಯ ಮೇಲೆ ಹರಡಿತು. ಎರಡನೆಯದು ನನ್ನ ಮುಂಗೈಯ ಮೇಲೆ ಇಳಿಯಿತು. ಆಗ ನಮ್ಮವರು ಪಕ್ಕಕ್ಕೆ ಬಂದು, ಕೊಡು ಇಲ್ಲಿ ಎಂದು ಮೂರನೆಯದನ್ನು ತೆಗೆದುಕೊಂಡು, ಪಾತ್ರೆಯ ಅಂಚಿಗೆ ಟಕ್ ಎಂದು ತಾಗಿಸಿ, ಒಂದೇ ಕೈಯಲ್ಲಿ ಬಿಡಿಸಿ, ಒಂದು ಚೂರು ಚಿಪ್ಪು ಬೀಳದ ಹಾಗೆ ಒಳಗೆ ಇಳಿಸಿದರು. ನಾಲ್ಕನೆಯದೂ ಹಾಗೆಯೇ. ತಲೆಯೆತ್ತಿದರೆ ಬಾಗಿಲಲ್ಲಿ ಅತ್ತೆ. ಹಾಸ್ಟೆಲಿನಲ್ಲಿ ಬೇರೆಯವರು ಮಾಡುವುದನ್ನು ನೋಡಿದ್ದೆ ಎಂದು ನಮ್ಮವರು, ಯಾರೂ ಕೇಳದಿದ್ದರೂ, ಗೋಡೆಗೆ ಹೇಳಿದರು.

ಸಿಪ್ಪೆಯ ವಿಷಯಕ್ಕೆ ಬರೋಣ. ನಮ್ಮ ಕಡೆ ಕಿತ್ತಳೆಯ ಸಿಪ್ಪೆಯನ್ನು ಬಿಸಾಡುವವರಿಲ್ಲ. ಹೆಚ್ಚಿ, ಹುಳಿ, ಬೆಲ್ಲ ಹಾಕಿ ಕುದಿಸಿದರೆ ಎರಡು ದಿನಕ್ಕೆ ಗೊಜ್ಜು. ಸಿಪ್ಪೆ ಎಂದರೆ ನನ್ನ ಕೈಗೆ ಗೊತ್ತಿದ್ದ ಕೆಲಸ ಅದೊಂದೇ. ಹಾಗಾಗಿ ಎಂಟು ಲಿಂಬೆಯ ಸಿಪ್ಪೆಯನ್ನು ಒಳಗಿನ ಬಿಳಿಯ ಸಮೇತ, ಗೊಜ್ಜಿಗೆ ಹೆಚ್ಚುವ ಹಾಗೆ ಸಣ್ಣಗೆ ಹೆಚ್ಚಿ, ಧಾರಾಳ ಎಂದಿದ್ದಾರಲ್ಲ ಎಂದು ಎಲ್ಲವನ್ನೂ ಹಿಟ್ಟಿಗೆ ಸುರಿದೆ.

ಹಿಟ್ಟನ್ನು ಹೊಸೆದು ಬಳೆ ಮಾಡುವಾಗ ನನ್ನವು ಒಂದು ದಪ್ಪ, ಒಂದು ಸಪೂರ, ಒಂದರ ಬಾಯಿ ಕೂಡಿಲ್ಲ. ಬಾಗಿಲಲ್ಲಿ ನಿಂತ ಅತ್ತೆಗೆ ತಡೆಯಲಾಗಲಿಲ್ಲ. ಒಳಗೆ ಹೋಗಿ ಒಂದು ಹಿಡಿ ಅಕ್ಕಿಹಿಟ್ಟು ಕಲಸಿಕೊಂಡು ಬಂದು, ಹೊಸ್ತಿಲ ಆಚೆ ಮಣೆ ಹಾಕಿ ಕೂತರು. ಕೋಡುಬಳೆ ಎಂದರೆ ಅಂಗೈಯ ಬುಡದಿಂದ ಹೊಸೆಯಬೇಕು, ಬೆರಳಿನಿಂದಲ್ಲ, ಕೂಡುವಲ್ಲಿ ಒತ್ತಬಾರದು, ಒಂದರ ಮೇಲೊಂದು ಮಲಗಿಸಬೇಕು. ಅವರು ಅಲ್ಲಿ ಒಂದು ಮಾಡಿದರೆ ನಾನು ಇಲ್ಲಿ ಒಂದು. ನಡುವೆ ಹೊಸ್ತಿಲು. ಒಲೆಯ ಗಾಜಿನ ಕಿಟಕಿಯಲ್ಲಿ ನನಗೆ ಏನೂ ಕಾಣುತ್ತಿರಲಿಲ್ಲ. ಅತ್ತೆ ಕಣ್ಣು ಮುಚ್ಚಿ ಮೂಗಿನಲ್ಲೇ ಕಾದರು. “ಈಗ ತೆಗಿ,” ಎಂದರು. ತೆಗೆದರೆ ಸರಿಯಾಗಿ ಹೊಂಬಣ್ಣ. ಕಾರ್ಖಾನೆಯ ವಾಸನೆಗೆ ಮುಚ್ಚಿದ್ದ ಎದುರು ಮನೆಯ ಕಿಟಕಿಗಳು ಒಂದೊಂದೇ ತೆರೆದವು. ನನಗೆ ಖುಷಿಯೋ ಖುಷಿ.

ಒಂದು ಮಾತನ್ನು ಯಾರೂ ಯೋಚಿಸಲಿಲ್ಲ. ಬಣ್ಣ ನೋಡಿದೆವು, ವಾಸನೆ ನೋಡಿದೆವು, ಮುರಿಯುವ ಸದ್ದನ್ನು ಕಿವಿಯ ಹತ್ತಿರ ಹಿಡಿದು ಕೇಳಿದೆವು. ರುಚಿ ನೋಡಲಿಲ್ಲ. ನೋಡುವ ಅಭ್ಯಾಸವೇ ಇಲ್ಲದ ಮನೆ.

ಸೋಮವಾರ ಡಬ್ಬಿಯನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಹೋಗಿ ಆಂಟಿಯ ಮುಂದೆ ತೆರೆದೆ. ಅವರ ಮುಖ ಅರಳಿತು. ಎಡಗೈಯಲ್ಲಿ ಒಂದು ಎತ್ತಿ, ತಿರುಗಿಸಿ ನೋಡಿ, ಅಮ್ಮನದೂ ಇಷ್ಟು ದುಂಡಗಿರಲಿಲ್ಲ ಎಂದರು. ಕಚ್ಚಿದರು. ಅಗಿಯುವುದು ನಿಧಾನವಾಯಿತು. ಆಚೆ ಮೇಜಿನ ಗುಮಾಸ್ತರು ಒಂದನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡಿದ್ದರು, ಎದ್ದು ನೀರಿನ ಕಡೆಗೆ ಹೋದರು. ಸಾಹೇಬರು ಸಭ್ಯರು, ಒಳ್ಳೆಯದು, ಆರೋಗ್ಯಕ್ಕೆ ಒಳ್ಳೆಯದು ಎಂದರು.

“ಬೇಟಾ, ನೀನು ರುಚಿ ನೋಡಿದೆಯಾ?” ಎಂದು ಆಂಟಿ ಕೇಳಿದರು.

ನಮ್ಮ ಮನೆಯಲ್ಲಿ ಮಾಡುವಾಗ ರುಚಿ ನೋಡುವ ಕ್ರಮವಿಲ್ಲ ಎಂದು ತಲೆ ತಗ್ಗಿಸಿಕೊಂಡು ಹೇಳಿದೆ. ಅದು ನಿಜವೇ. ಪೂರ್ತಿ ನಿಜವಲ್ಲ. ಅತ್ತೆ ಹೇಳಬೇಕೆಂದಿದ್ದ ಮಾತನ್ನು ಆ ದಿನವೂ ಹೇಳಲಿಲ್ಲ. ಆಂಟಿ ಬೈಯಲಿಲ್ಲ. ಸಿಪ್ಪೆಯನ್ನು ಏನು ಮಾಡಿದೆ ಎಂದು ವಿಚಾರಿಸಿದರು. ಹೆಚ್ಚಿದೆ ಎಂದಾಗ ಪ್ಲಾಸ್ಟರ್ ಕೈಯನ್ನು ಹಣೆಗೆ ತಂದುಕೊಂಡು ನಕ್ಕುಬಿಟ್ಟರು. ಹೊರಗಿನ ಬಣ್ಣ ಮಾತ್ರ ಬೇಕು, ಒಳಗಿನ ಬಿಳಿ ಕಹಿ, ಇನ್ನೂ ದಿನವಿದೆ, ಹೋಗಿ ಮತ್ತೆ ಮಾಡು ಎಂದರು.

ಮನೆಗೆ ಬಂದು ವರದಿ ಒಪ್ಪಿಸಿದೆ. ನಮ್ಮವರು ಚಹಾ ಕುಡಿಯುತ್ತಾ, ನನಗೆ ಶನಿವಾರವೇ ಗೊತ್ತಿತ್ತು ಎಂದುಬಿಟ್ಟರು. ಹೇಳಿದ ಮೇಲೆ, ಹೇಳಬಾರದಿತ್ತು ಎಂದು ಮುಖ ಹೇಳಿತು.

“ಹೇಗೆ ಗೊತ್ತಿತ್ತು?” ಎಂದೆ.

ಅವರು ಬಾಲ್ಕನಿಯ ಕಡೆ ನೋಡಿದರು, ನನಗೆ ಅರ್ಥವಾಯಿತು. ಬಾಲ್ಕನಿಗೆ ಹೋಗಿ ಒಂದು ತಿಂದಿದ್ದಾರೆ. ಹಾಲಾಹಲದ ಹಾಗೆ ಕಹಿ ಇದ್ದದ್ದು ಗೊತ್ತಾಗಿದೆ. ಹೇಳಿದರೆ ತಿಂದದ್ದನ್ನು ಒಪ್ಪಿಕೊಂಡಂತಾಗುತ್ತದೆ ಎಂದು ಎರಡು ದಿನ ಬಾಯಿಗೆ ಬೀಗ ಹಾಕಿಕೊಂಡು, ನಾನು ಡಬ್ಬಿ ಹೊತ್ತುಕೊಂಡು ಹೋಗುವಾಗ ಮೆಟ್ಟಿಲವರೆಗೆ ಬಂದು ಟಾಟಾ ಮಾಡಿದ್ದಾರೆ ಈ ಮನುಷ್ಯ. ನನಗೆ ಬಂದ ಸಿಟ್ಟಿಗೆ ಚಹಾದ ಲೋಟ ಹಾರಬೇಕಿತ್ತು. ಆದರೆ ಏಳು ವರ್ಷದ ಸುಳ್ಳಿಯಾಗಿ ಎರಡು ದಿನದ ಸುಳ್ಳನನ್ನು ನಾನು ಯಾವ ಬಾಯಲ್ಲಿ ಬೈಯಲಿ? ಅತ್ತೆ ಮಾತ್ರ ಮಗನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹೇಳಿದ್ದು ಇಷ್ಟೇ: “ತಿನ್ನುವವ ಹೇಗೂ ತಿಂತಿ. ಇನ್ನು ಮೇಲೆ ಸರಿಯಾಗಿ ತಿಂದು ಸರಿಯಾಗಿ ಹೇಳು. ನಾನು ಆಚೆ ನೋಡ್ತೇನೆ.”

ಹೀಗೆ ನಮ್ಮ ಮನೆಗೆ ಒಬ್ಬ ಅಧಿಕೃತ ರುಚಿಗಾರರ ನೇಮಕವಾಯಿತು.

ಸಿಪ್ಪೆಯ ವಿಚಾರಣೆ ಅತ್ತೆಯದೇ. ಹೇರಳೆಕಾಯಿಯ ಕಹಿಯನ್ನು ಐವತ್ತು ವರ್ಷ ಪಳಗಿಸಿದ ತಾನು ಹೊಸ್ತಿಲಲ್ಲಿ ಕೂತಿದ್ದೂ ಸಿಪ್ಪೆ ನೋಡಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡರು. ಮರುದಿನ ನನ್ನ ಜೊತೆ ಸ್ಟೇಷನ್ ಹೊರಗಿನ ಮಾರುಕಟ್ಟೆಗೆ ಬಂದು ಒಂದೊಂದೇ ಲಿಂಬೆಯನ್ನು, ಕಿತ್ತಳೆಯನ್ನು ಉಗುರಿನಿಂದ ಚಿವುಟಿ ಮೂಸಿದರು. ಹಣ್ಣಿನವನು ಮರಾಠಿಯಲ್ಲಿ ಗೊಣಗಿದ. ಅತ್ತೆ ಕನ್ನಡದಲ್ಲಿ ಗೊಣಗಿದರು. ಇಬ್ಬರಿಗೂ ಅರ್ಥವಾದಂತೆ ಕಂಡಿತು. ಹಣ್ಣು ತೊಳೆದು, ಒರೆಸಿ, ಶುಂಠಿ ತುರಿಯುವ ಸಣ್ಣ ಮಣೆಯಲ್ಲಿ ಮೇಲಿನ ಬಣ್ಣವನ್ನಷ್ಟೇ, ಎರಡು ಸಲ ಎಳೆದು ತಿರುಗಿಸಿ, ಎರಡು ಸಲ ಎಳೆದು ತಿರುಗಿಸಿ ತುರಿದರು. ಹಣ್ಣಿಗೆ ಮೊಟ್ಟೆಯ ಮೈಲಿಗೆಯಿಲ್ಲವಲ್ಲ, ಆದ್ದರಿಂದ ಆ ಕೆಲಸ ಅಡುಗೆಮನೆಯೊಳಗೇ ನಡೆಯಿತು. ತುರಿಯನ್ನು ಸಕ್ಕರೆಯಲ್ಲಿ ಕಲಸಿ ತಿಕ್ಕಿ ಮುಚ್ಚಿಟ್ಟು, ಅರ್ಧ ಗಂಟೆಯ ನಂತರ ತೆಗೆದಾಗ ಬಂದ ಪರಿಮಳಕ್ಕೆ ನಾನು ನಿಂತಲ್ಲೇ ನಿಂತೆ. ಸಕ್ಕರೆಯಲ್ಲಿ ತಿಕ್ಕು ಎಂದು ಆಂಟಿ ಹೇಳಿರಲಿಲ್ಲ. ಅದು ಅತ್ತೆಯ ಕೈ.

ಎರಡನೆಯ ಸಲ ನಮ್ಮವರು ಬಾಲ್ಕನಿಯಲ್ಲಿ ಮೊದಲನೆಯದನ್ನು ಅಗಿದರು. ಅತ್ತೆ ಗೋಡೆಯ ಕಡೆಗೆ ಮುಖ ಮಾಡಿ ನಿಂತಿದ್ದರು, ಕಿವಿ ಮಾತ್ರ ಈಚೆಗೆ. ಎರಡನೆಯದನ್ನೂ ಅಗಿದು, ಮೂರನೆಯದಕ್ಕೆ ಕೈ ಹಾಕಿದಾಗ ನಾನು ತಟ್ಟೆ ಎಳೆದುಕೊಂಡೆ. ವರದಿ ಕೇಳುವ ಅಗತ್ಯವಿರಲಿಲ್ಲ.

ಕ್ರಿಸ್‌ಮಸ್‌ನ ಹಿಂದಿನ ದಿನ ಎರಡು ಡಬ್ಬಿ ಹೊತ್ತುಕೊಂಡು ಹೋದೆ, ಒಂದರಲ್ಲಿ ಲಿಂಬೆ, ಒಂದರಲ್ಲಿ ಕಿತ್ತಳೆ. ಸೆಕ್ಷನ್‌ನವರು ಈ ಸಲ ಹತ್ತಿರ ಬರಲು ಅಳುಕಿದರು. ಆಂಟಿ ಲಿಂಬೆಯದನ್ನು ಕಚ್ಚಿದರು. ಕಣ್ಣು ಮುಚ್ಚಿದರು. ತೆರೆದಾಗ ಕಣ್ಣು ಒದ್ದೆಯಾಗಿತ್ತು, ಬಾಯಿ ನಗುತ್ತಿತ್ತು. ಅಷ್ಟು ಸಾಕಾಗಿತ್ತು ಎಲ್ಲರಿಗೂ, ಕೈಗಳು ಡಬ್ಬಿಗೆ ನುಗ್ಗಿದವು. ಮೊದಲ ಸಲ ನೀರಿಗೆ ಓಡಿದ್ದ ಗುಮಾಸ್ತರು ಕಿತ್ತಳೆಯ ಬಳೆಯೊಂದನ್ನು ಎತ್ತಿ ಹಿಡಿದು, ಅರೆ, ಇದು ಹೊಸದಲ್ಲವೇ, ಹದಿನೈದು ವರ್ಷದಿಂದ ತಿನ್ನುತ್ತಿದ್ದೇನೆ, ಆಂಟಿ ಯಾವಾಗಲೂ ಲಿಂಬೆಯದು ಮಾತ್ರ ತರುತ್ತಿದ್ದರು ಎಂದರು.

ನನ್ನ ಕಿವಿ ಬಿಸಿಯಾಯಿತು. ಆಂಟಿ ನನ್ನ ಕಡೆ ನೋಡದೆ ಡಬ್ಬಿಯ ಮುಚ್ಚಳವನ್ನು ಒರೆಸುತ್ತಿದ್ದರು. ಎಲ್ಲರೂ ತಮ್ಮ ಮೇಜಿಗೆ ಹೋದ ಮೇಲೆ ನಾನು ಕುರ್ಚಿಯನ್ನು ಅವರ ಹತ್ತಿರ ಎಳೆದುಕೊಂಡೆ.

“ಆಂಟಿ, ನಾನು ಮೊಟ್ಟೆ ತಿನ್ನುವುದಿಲ್ಲ. ನಿಮ್ಮ ಬಿಸ್ಕತ್ತನ್ನು ಒಂದು ದಿನವೂ ತಿಂದಿಲ್ಲ.”

“ಗೊತ್ತು,” ಎಂದರು. “ನೀನು ಕರವಸ್ತ್ರ ಮಡಚಿದ್ದು ನೋಡಿಯೇ ಕಿತ್ತಳೆಯ ಪ್ರಶ್ನೆ ಕೇಳಿದ್ದು.”

ಮೊದಲ ವರ್ಷ ಬಹಳ ಸಿಟ್ಟು ಬಂದಿತ್ತಂತೆ. ಮುಂದಿನ ಡಿಸೆಂಬರ್‌ನಲ್ಲಿ ಇವಳಿಗೆ ಕೊಡುವುದೇ ಬೇಡ ಎಂದುಕೊಂಡಿದ್ದರಂತೆ. ಕೊನೆಗೆ ಆರು ಕೊಟ್ಟು, ಏನು ಮಾಡುತ್ತಾಳೆ ನೋಡೋಣ ಎಂದು, ಘಣಸೋಲಿಯಲ್ಲಿದ್ದ ತಂಗಿಯ ಮನೆಗೆ ಹೋಗುವ ನೆಪದಲ್ಲಿ ನನ್ನದೇ ರೈಲು ಹತ್ತಿ, ಡಬ್ಬದ ಇನ್ನೊಂದು ಮೂಲೆಯಲ್ಲಿ ನಿಂತಿದ್ದರಂತೆ. ನಾನು ಹಂಚುವುದನ್ನು ನೋಡಿದರಂತೆ. ಕ್ಲಿಪ್ಪು ಮಾರುವ ಹೆಂಗಸು ಅರ್ಧ ತಿಂದು, ಉಳಿದರ್ಧವನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಬೆರಳಿಗೆ ಅಂಟಿದ ಸಕ್ಕರೆಯನ್ನು ನೆಕ್ಕಿದಳಂತೆ.

“ಕಚೇರಿಯಲ್ಲಿ ಯಾರೂ ಹಾಗೆ ತಿಂದದ್ದು ನಾನು ಕಾಣೆ,” ಎಂದರು ಆಂಟಿ. “ಅದಕ್ಕೇ ನಿನ್ನ ಪಾಲು ಜಾಸ್ತಿ ಮಾಡಿದೆ.”

ನನಗೆ ಅಳು ಬಂತು. ಅತ್ತುಬಿಟ್ಟೆ, ಸರ್ಕಾರಿ ಕಚೇರಿಯ ಮಧ್ಯದಲ್ಲಿ. ಆಂಟಿ ಪ್ಲಾಸ್ಟರ್ ಕೈಯಿಂದಲೇ ನನ್ನ ಬೆನ್ನು ತಟ್ಟಿದರು, ಅದು ತಟ್ಟುವುದಕ್ಕಿಂತ ಹೊಡೆದ ಹಾಗಾಯಿತು. ಆಮೇಲೆ ಬಳೆಗಳನ್ನು ಇಷ್ಟು ದುಂಡಗೆ ಮಾಡಿದವರು ಯಾರು ಎಂದು ಕೇಳಿದರು. ಅತ್ತೆಯ ಅಕ್ಕಿಹಿಟ್ಟು, ಹೊಸ್ತಿಲು, ಮೂಗು, ಸಕ್ಕರೆಯಲ್ಲಿ ತಿಕ್ಕಿದ ತುರಿ, ಎಲ್ಲ ಹೇಳಿದೆ. ಅವರೂ ತಿಂದಿಲ್ಲವೇ ಎಂದರು. ಇಲ್ಲ ಎಂದೆ. ಇಷ್ಟು ಮಾಡಿದ ಹೆಂಗಸಿಗೆ ರುಚಿಯೇ ಗೊತ್ತಿಲ್ಲವೆಂದರೆ ಅದು ನ್ಯಾಯವಲ್ಲ ಎಂದು ಆಂಟಿ ಗಂಭೀರವಾದರು. ಮೊಟ್ಟೆಯ ಬದಲು ಗಟ್ಟಿ ಮೊಸರು ಹಾಕಿ ನೋಡು, ಅಮ್ಮ ಮೇಲಿನಿಂದ ಬೈದರೆ ನಾನು ಉತ್ತರ ಕೊಡುತ್ತೇನೆ ಎಂದರು.

ಜನವರಿಯ ಒಂದು ಭಾನುವಾರ ಅದೂ ಆಯಿತು. ಬಾಲ್ಕನಿಯ ಒಲೆ ಒಳಗೆ ಬರುವಂತಿರಲಿಲ್ಲ. ಅತ್ತೆ ದೊಡ್ಡ ಕುಕ್ಕರ್ ತೆಗೆದು, ರಬ್ಬರ್ ಮತ್ತು ಸೀಟಿ ಕಳಚಿಟ್ಟು, ತಳಕ್ಕೆ ಕಲ್ಲುಪ್ಪು ಹರಡಿ, ಮೇಲೆ ತಟ್ಟೆಯಿಟ್ಟರು. ಈ ಸಲ ಹೊಸ್ತಿಲಿಲ್ಲ. ನಾನು ಹಿಟ್ಟು ಕಲಸಿದೆ, ಅವರು ಹೊಸೆದರು. ಮೊದಲ ಬಾರಿಗೆ ಅವರ ಕೈ ಆ ಹಿಟ್ಟಿನ ಮೇಲೆ ಓಡಿತು, ಎರಡು ಬೆರಳು ಅಗಲದ ಬಳೆಗಳು ಸಾಲಾಗಿ ಬಿದ್ದವು. ಕಿತ್ತಳೆ ತಂದಿರಲಿಲ್ಲ. ಬೆಂದ ಮೇಲೆ ಅತ್ತೆ ಐದನ್ನು ಬೆಳ್ಳಿಯ ತಟ್ಟೆಯಲ್ಲಿಟ್ಟು ದೇವರ ಮುಂದೆ ಇಟ್ಟರು. ಮೈದಾ, ಬೆಣ್ಣೆ, ಮೊಸರು, ಸಕ್ಕರೆ, ಲಿಂಬೆ, ಇದರಲ್ಲಿ ಕೃಷ್ಣ ತಿನ್ನದ್ದು ಎಂತ ಉಂಟು ಎಂದು ತಮಗೆ ತಾವೇ ಹೇಳಿಕೊಂಡು ಗಂಟೆ ಅಲ್ಲಾಡಿಸಿದರು. ಗೋವಾದ ಅಡುಗೆಮನೆಯಿಂದ ಹೊರಟ ಪೋರ್ಚುಗೀಸ್ ಬಿಸ್ಕತ್ತು ಡೊಂಬಿವಲಿಯಲ್ಲಿ ನೈವೇದ್ಯವಾಯಿತು.

ನಾನು ಆಂಟಿಗೆ ಫೋನ್ ಮಾಡಿ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಿದ್ದೆ. ಅತ್ತೆ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡರು. ನಾನೂ ನಮ್ಮವರೂ ಅವರ ದವಡೆಯನ್ನೇ ನೋಡುತ್ತಿದ್ದೆವು.

“ಲಾಯ್ಕುಂಟು,” ಎಂದರು. ಇನ್ನೊಂದು ತುಂಡು ಮುರಿದು ಮತ್ತೆ, “ಪಾಪ, ಎಷ್ಟು ಲಾಯ್ಕುಂಟು. ಇದನ್ನು ಏಳು ವರ್ಷ ಹಂಚಿದ್ದಿಯಲ್ಲ ನೀನು.”

ಅದನ್ನು ಹಿಂದಿಯಲ್ಲಿ ಆಂಟಿಗೆ ದಾಟಿಸಿದೆ. ನೆರೂಲಿನಿಂದ ದೊಡ್ಡ ನಗು ಬಂತು. ಆಮೇಲೆ ನಾನೂ ಒಂದು ತೆಗೆದು ಕಚ್ಚಿದೆ. ಹೊರಗೆ ಗರಿಗರಿ, ಒಳಗೆ ಮೃದು, ನುಂಗಿದ ಮೇಲೂ ಮೂಗಿನ ಹಿಂದೆ ಉಳಿಯುವ ಆ ಹುಳಿ ಪರಿಮಳ. ಏಳು ವರ್ಷ ಬಾಯಿಪಾಠ ಒಪ್ಪಿಸಿದ್ದ ಮಾತನ್ನೇ ಮತ್ತೆ ಹೇಳಿದೆ, ಬೇರೆ ಮಾತು ಬರಲಿಲ್ಲ: ಬಹಳ ಚೆನ್ನಾಗಿದೆ ಆಂಟಿ.

ಅವರು ತಕ್ಷಣ ಕೇಳಿದರು, “ಯಾವುದು ಹಿಡಿಸಿತು? ಲಿಂಬೆಯದೋ, ಕಿತ್ತಳೆಯದೋ?”

ನಾನು ತಟ್ಟೆಯನ್ನು ಒಮ್ಮೆ ಸರಿಯಾಗಿ ನೋಡಿಕೊಂಡೆ.

“ಲಿಂಬೆಯದು ಆಂಟಿ. ಕಿತ್ತಳೆಯದು ಇಲ್ಲಿ ಇಲ್ಲವೇ ಇಲ್ಲ.”